ಮೇಲಿನ ಮಹಡಿಯವರಿಗೆ ಮೈಸೂರಿನ ಬೇಸಿಗೆ

'ಮೈಸೂರು ತಂಪು ಅಂತ ನಂಬ್ಕೊಂಡು ಬಂದೆ, ಕುವೆಂಪುನಗರದಲ್ಲಿ ಮೇಲಿನ ಮಹಡಿ ಮನೆ, ಎಸಿ ಇಲ್ಲ. ಈ ಬಿಸಿಲನ್ನ ಹೇಗೆ ತಡ್ಕೊಳ್ತೀರಿ, ಖುಷಿಪಡೋರೂ ಇದ್ದಾರಾ?' ಅಂತ ಕೇಳಿದೀರಿ. ಇದ್ದಾರೆ, ನಾನೇ ಒಬ್ಬ. ಹದಿನಾಲ್ಕು ವರ್ಷದಿಂದ ನಾನೂ ತಾರಸಿ ಕೆಳಗಿನ ಬಾಡಿಗೆದಾರನೇ.

ಒಂದು ತಮಾಷೆ ಕೇಳಿ. ಹವಾಮಾನ ಇಲಾಖೆ ಲೆಕ್ಕದಲ್ಲಿ ಬಯಲು ಪ್ರದೇಶಕ್ಕೆ 'ಶಾಖದ ಅಲೆ' ಅನ್ನಬೇಕಾದರೆ ಗರಿಷ್ಠ ಉಷ್ಣಾಂಶ 40 ಡಿಗ್ರಿಯಾದರೂ ಮುಟ್ಟಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ನಮ್ಮ ಊರು ಇರೋದು 750 ಮೀಟರಿಗಿಂತ ಎತ್ತರದಲ್ಲಿ, 40 ಮುಟ್ಟೋದು ಅಪರೂಪ. ಹಾಗಾಗಿ 38ರಲ್ಲಿ ನಾವು ಬೆಂದು ಬದನೆಕಾಯಿ ಆದರೂ ಅದು ಬರೀ 'ಈ ಸಲ ಬಿಸಿಲು ಸ್ವಲ್ಪ ಜಾಸ್ತಿ' ಅಷ್ಟೆ.

ನಿಮ್ಮನ್ನ ನಿಜವಾಗಿ ಬೇಯಿಸ್ತಾ ಇರೋದು ತಲೆ ಮೇಲಿನ ಆರ್‌ಸಿಸಿ. ಏಪ್ರಿಲ್ 22ರ ಆಸುಪಾಸು ಮಧ್ಯಾಹ್ನ ಸೂರ್ಯ ಮೈಸೂರಿನ ನೆತ್ತಿಗೇ ಬರ್ತಾನೆ. ಒಂದು ವರ್ಷ ತಾರಸಿ ಮೇಲೆ ಉದ್ದನೆ ಸ್ಟೀಲ್ ಡಬ್ಬ ಇಟ್ಟು ಕಾದಿದ್ದೆ. ಹನ್ನೆರಡೂ ಇಪ್ಪತ್ತರ ಹೊತ್ತಿಗೆ ಅದಕ್ಕೆ ನೆರಳೇ ಇರಲಿಲ್ಲ. ನನಗೆ ಅಂಗಾಲು ಸುಟ್ಟಿತ್ತು, ಅದು ಬೇರೆ ಮಾತು. ಹಗಲಿಡೀ ಕುಡಿದ ಆ ಶಾಖವನ್ನ ತಾರಸಿ ರಾತ್ರಿ ಕಕ್ಕುತ್ತೆ. ಹತ್ತು ಗಂಟೆಗೆ ಬೀದಿಯಲ್ಲಿ ತಣ್ಣನೆ ಗಾಳಿ, ಒಳಗೆ ಫ್ಯಾನು ಬಿಸಿಯನ್ನೇ ಕೆಳಕ್ಕೆ ತಳ್ತಾ ಇರುತ್ತೆ. ಮಾಲೀಕರನ್ನ ಒಪ್ಪಿಸಿ ತಾರಸಿಗೆ ಎರಡು ಕೋಟ್ ಸುಣ್ಣ ಹೊಡೆಸಿ, ಮಲಗೋ ಕೋಣೆ ಮೇಲಾದರೂ ತೆಂಗಿನ ಗರಿ ಹಾಸಿ. ನೀರು ಸುರಿಯೋದು ಬೇಡ, ಕುಡಿಯೋಕೇ ನೀರು ಕಷ್ಟದ ಕಾಲ. ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ಮುಚ್ಚಿ ಪರದೆ ಎಳೆದರೆ ಸಂಜೆ ಏಳರ ತನಕ ತೆಗೀಬೇಡಿ. 'ಗಾಳಿ ಬರಲಿ' ಅಂತ ಮಧ್ಯಾಹ್ನ ತೆಗೆಯೋರ ಜೊತೆ ನಮ್ಮನೇಲಿ ವರ್ಷಾ ವರ್ಷಾ ಜಗಳ. ಕರಿ ಟ್ಯಾಂಕಿನ ನೀರು ಮೂರು ಗಂಟೆಗೆ ಮುಖ ತೊಳೆಯೋಕೂ ಆಗಲ್ಲ, ಬೆಳಗ್ಗೆಯೇ ಎರಡು ಬಕೆಟ್ ಹಿಡಿದಿಡಿ.

ಬಿಸಿಲಿನ ಜೊತೆ ಪೌರುಷ ಬೇಡ. ಒಮ್ಮೆ ಮಟಮಟ ಮಧ್ಯಾಹ್ನ ದೇವರಾಜ ಮಾರ್ಕೆಟ್‌ನಿಂದ ಎರಡು ಚೀಲ ಹಿಡ್ಕೊಂಡು ಬರ್ತಿದ್ದೆ. ಕಣ್ಣು ಕತ್ತಲೆ ಬಂತು. ವೀಳ್ಯದೆಲೆ ಮಾರೋ ಅಜ್ಜಿ 'ಕೂತ್ಕೊ ಮಗಾ' ಅಂತ ತನ್ನ ಗೋಣಿ ಮೇಲೇ ಕೂರಿಸಿ, ಎಲೆಗೆ ಚಿಮುಕಿಸೋ ನೀರನ್ನೇ ನನ್ನ ಮುಖಕ್ಕೂ ಚಿಮುಕಿಸಿದ್ರು. ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ತರಿಸಿ ಕುಡಿಸಿದ್ರು. ಅಷ್ಟಕ್ಕೆ ಸುಧಾರಿಸಿಕೊಂಡೆ. ಆದರೆ ಯಾರಾದರೂ ಮೈ ಕಾದು ತಡಬಡಿಸಿ ಮಾತಾಡ್ತಿದ್ರೆ ಮಜ್ಜಿಗೆ ಹುಡುಕ್ತಾ ಕೂರಬೇಡಿ, ಮೈಗೆ ತಣ್ಣೀರು ಹಾಕ್ತಾ ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಇನ್ನು ಖುಷಿ. ಅದೆಲ್ಲ ದಿನದ ಎರಡು ತುದಿಯಲ್ಲಿದೆ. ಬೆಳಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀರಿ, ಹೆಜ್ಜಾರ್ಲೆಗಳು ನೀರಿಗೆ ಇಳಿಯೋದು ಕಾಣುತ್ತೆ. ಊರೆಲ್ಲ ಒಣಗಿದ ಹೊತ್ತಲ್ಲೇ ಹೊಂಗೆ ಮರ ಹೊಸ ಎಲೆ ಬಿಟ್ಟು ನಿಂತಿರುತ್ತೆ. ಸ್ಕೂಟರ್‌ನೋರೆಲ್ಲ ಸಿಗ್ನಲ್‌ಗೆ ಇಪ್ಪತ್ತು ಅಡಿ ಹಿಂದೆ ಅದರ ನೆರಳಲ್ಲೇ ನಿಲ್ತಾರೆ. ನೀವೂ ನಿಲ್ಲಿ. ತಾಟಿನುಂಗು ಕಂಡರೆ ಬಿಡಬೇಡಿ. ಎಳೇದೇ ಕೇಳಿ, ಸಿಪ್ಪೆ ಸುಲಿದು ಇಡಿಯಾಗಿ ಬಾಯಿಗೆ ಹಾಕ್ಕೊಳ್ಳಿ. ಕಚ್ಚಿದರೆ ಒಳಗಿನ ನೀರು ಅಂಗಿ ಮೇಲೆ ಹಾರುತ್ತೆ, ಕರೆ ಬಿದ್ದರೆ ನನ್ನ ಬೈಬೇಡಿ. ಬೇಲದ ಹಣ್ಣು ಸಿಕ್ಕರೆ ನೆಲಕ್ಕೆ ಕುಟ್ಟಿ ಒಡೆದು, ತಿರುಳು ಕಿವುಚಿ, ಬೆಲ್ಲ ಏಲಕ್ಕಿ ಹಾಕಿ ಪಾನಕ ಮಾಡಿ. ರಾಮನವಮಿ ದಿನ ಬೀದಿ ಬೀದಿಯಲ್ಲಿ ಪಾನಕ ಕೊಡ್ತಾರೆ. ನನ್ನ ದಾಖಲೆ ಏಳು ಲೋಟ.

ಏಪ್ರಿಲ್ ಮುಗಿಯೋದರೊಳಗೆ ಸಾಮಾನ್ಯವಾಗಿ ಒಂದೆರಡು ಮಾವಿನ ಮಳೆ ಬೀಳುತ್ತೆ. ಆಗ ತಾರಸಿಯಲ್ಲಿ ಸಂಡಿಗೆ ಒಣಹಾಕಿದೋರ ಓಟ ನೋಡಬೇಕು.

ಮನೆ ಬದಲಿಸೋ ಯೋಚನೆ ಇದ್ದರೆ ಈಗಲೇ, ಸಂಜೆ ನಾಲ್ಕಕ್ಕೆ ಹೋಗಿ ನೋಡಿ. ಮಾಲೀಕರು ಬೆಳಗ್ಗೆ ಎಂಟಕ್ಕೇ ಬನ್ನಿ ಅಂತಾರೆ. ನಾನು ಬೆಳಗ್ಗೆ ಎಂಟಕ್ಕೇ ಹೋಗಿದ್ದೆ.