ತಣ್ಣಗೆ ಕುಡಿಯುವ ಕೆಂಪು ವೈನ್: ಲಿಯೋಂಗೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ, ಕೆಲಸಕ್ಕೆಂದು ಲಿಯೋಂಗೆ ಬಂದಿದ್ದೀಯ, ಸಹೋದ್ಯೋಗಿಯೊಬ್ಬರು ಮನೆಗೆ ಊಟಕ್ಕೆ ಕರೆದಿದ್ದಾರೆ. ಈ ಜುಲೈ ಸೆಖೆಯಲ್ಲಿ ಯಾವ ವೈನ್ ಒಯ್ಯಲಿ, ಕೆಂಪು ವೈನನ್ನು ಫ್ರಿಜ್‌ನಲ್ಲಿಟ್ಟರೆ ನಗುತ್ತಾರಾ, ನಮ್ಮ ಖಾರದ ಅಡುಗೆಗೆ ಯಾವುದಾದರೂ ಹೊಂದುತ್ತದಾ ಎಂದು ಕೇಳಿದ್ದೀಯ.

ಯಾರೂ ನಗುವುದಿಲ್ಲ, ಇಲ್ಲಿಯವರೇ ಬೇಸಿಗೆಯಲ್ಲಿ ಹಾಗೆ ಕುಡಿಯುತ್ತಾರೆ. ಆದರೆ ಎಲ್ಲ ಕೆಂಪು ವೈನಿಗೂ ಇದು ಹೊಂದುವುದಿಲ್ಲ. ವೈನಿಗೆ ಬಣ್ಣವೂ ಒಗರೂ ಬರುವುದು ಮುಖ್ಯವಾಗಿ ದ್ರಾಕ್ಷಿ ಸಿಪ್ಪೆಯಿಂದ. ಒಗರು ಜಾಸ್ತಿ ಇರುವ ಬೋರ್ಡೋ ಸೀಮೆಯ ಬಾಟಲಿಯನ್ನು ತಣ್ಣಗೆ ಮಾಡಿದರೆ, ದೋರೆ ನೇರಳೆ ತಿಂದಾಗಿನ ಹಾಗೆ ನಾಲಿಗೆ ಹಿಡಿದುಕೊಳ್ಳುತ್ತದೆ. ಒಗರು ಕಡಿಮೆ, ಹುಳಿ ಚುರುಕು, ಹಣ್ಣಿನ ಪರಿಮಳ ಮುಂದೆ ಇರುವ ತೆಳು ವೈನ್‌ಗಳಿಗೆ ಮಾತ್ರ ತಂಪು ಒಪ್ಪುತ್ತದೆ.

ಅಂಥವುಗಳ ತವರಿನ ಪಕ್ಕದಲ್ಲೇ ನೀನಿದ್ದೀಯ. ಲಿಯೋಂನಿಂದ ಉತ್ತರಕ್ಕೆ ಹೊರಟರೆ ಸೋನ್ ನದಿಯ ಪಶ್ಚಿಮದ ಗುಡ್ಡಗಳೆಲ್ಲ ಬೋಜೊಲೆ. ಅಲ್ಲಿನ ಕೆಂಪು ದ್ರಾಕ್ಷಿ ಗಮೇ. ಗೊಂಚಲುಗಳನ್ನು ಹಿಸುಕದೆ ಇಡಿಯಾಗಿ ತೊಟ್ಟಿಗೆ ತುಂಬುತ್ತಾರೆ. ಅಡಿಯ ಹಣ್ಣು ಭಾರಕ್ಕೆ ಒಡೆದು ಹುದುಗುತ್ತದೆ. ಅದರಿಂದೆದ್ದ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನು ತುಂಬಿಕೊಂಡಾಗ ಮೇಲಿನ ಹಣ್ಣುಗಳು ಸಿಪ್ಪೆ ಒಡೆಯದೆ ಒಳಗೊಳಗೇ ಹುದುಗಲು ಶುರುವಾಗುತ್ತವೆ. ಹೀಗಾಗಿ ಬಣ್ಣ, ಪರಿಮಳ ರಸಕ್ಕೆ ಬರುತ್ತವೆ, ಒಗರು ಅಷ್ಟಾಗಿ ಬರುವುದಿಲ್ಲ. ನವೆಂಬರ್ ಮೂರನೇ ಗುರುವಾರ ಬಿಡುಗಡೆಯಾಗುವ ನೂವೋ, ಅಂದರೆ ಆ ವರ್ಷದ ಹೊಸ ವೈನ್, ನೋಡಿ ಬೋಜೊಲೆ ಎಂದರೆ ಇಷ್ಟೇ ಎಂದುಕೊಳ್ಳಬೇಡ. ತಮ್ಮ ಹೆಸರಿನಲ್ಲೇ ವೈನ್ ಮಾರುವ ಹಕ್ಕಿರುವ 10 ಜಾಗಗಳು ಅಲ್ಲಿವೆ, ಅವನ್ನು ಕ್ರೂ ಎನ್ನುತ್ತಾರೆ. ಅವುಗಳಲ್ಲಿ ಎತ್ತರದಲ್ಲಿರುವ ಷಿರೂಬ್ಲ್ ಹಗುರ, ಫ್ಲರಿ ಮೃದು. ಮುಲ್ಯಾಂ-ಆ-ವಾಂ ಗಟ್ಟಿ, ಅದನ್ನು ಚಳಿಗಾಲಕ್ಕೆ ಇಟ್ಟುಕೋ.

ನನಗೆ ಇನ್ನೂ ಹೆಚ್ಚು ಪ್ರೀತಿ ಬೇರೆ ಬೇರೆ ದ್ರಾಕ್ಷಿ ತಳಿ ಬೆರೆಸಿದ ವೈನ್‌ಗಳ ಮೇಲೆ. 1395ರಲ್ಲಿ, ಬೋಜೊಲೆಯ ಉತ್ತರಕ್ಕಿರುವ ಬರ್ಗಂಡಿ ಸೀಮೆಯ ಡ್ಯೂಕ್ ಫಿಲಿಪ್ ತನ್ನ ನಾಡಿನಿಂದ ಗಮೇ ಬಳ್ಳಿಯನ್ನು ಕಿತ್ತುಹಾಕಿ ಎಂದು ಆಜ್ಞೆ ಹೊರಡಿಸಿದ. ಇಳುವರಿ ಹೆಚ್ಚು, ಗುಣ ಕಡಿಮೆ ಎಂಬುದು ಅವನ ದೂರು. ಅವನ ಮೆಚ್ಚಿನ ತಳಿ ಪಿನೊ ನ್ವಾರ್. ಅದೇ ಬರ್ಗಂಡಿಯಲ್ಲಿ ಇಂದು ಈ ಎರಡನ್ನೂ ಒಂದೇ ತೊಟ್ಟಿಯಲ್ಲಿ ಹುದುಗಿಸಿ ಮಾಡುವ ಪಾಸ್-ತು-ಗ್ರ್ಯಾಂ ಎಂಬ ವೈನ್ ಇದೆ. ಕನಿಷ್ಠ ಶೇ. 30 ಪಿನೊ, ಶೇ. 15 ಗಮೇ ಇರಲೇಬೇಕು. ಪಿನೊ ಕೊಡುವ ನಯ, ಗಮೇ ಕೊಡುವ ಲವಲವಿಕೆ ಎರಡೂ ಒಂದೇ ಗುಟುಕಿನಲ್ಲಿ ಸಿಗುತ್ತವೆ. ಹೆಸರಾಂತ ಬರ್ಗಂಡಿಯ ಬೆಲೆ ತೆರಬೇಕಾಗಿಲ್ಲ. ಇದೇ ಜೋಡಿ ಲ್ವಾರ್ ಕಣಿವೆಯ ಷೆವೆರ್ನಿಯಲ್ಲಿದೆ, ಮಧ್ಯ ಫ್ರಾನ್ಸಿನ ಸ್ಯಾಂ-ಪುರ್ಸ್ಯಾಂನಲ್ಲೂ ಇದೆ. ಮೂರೂ ತಂಪು ಹವೆಯ ಕಡೆಗಳು. ಅಲ್ಲಿ ಹಣ್ಣಿನಲ್ಲಿ ಹುಳಿ ಉಳಿಯುತ್ತದೆ, ಸಕ್ಕರೆ ಮಿತಿಮೀರುವುದಿಲ್ಲ, ಅದರಿಂದ ಮದ್ಯಾಂಶವೂ ಹದದಲ್ಲಿರುತ್ತದೆ. ಪೂರ್ವದ ಜುರಾ ಬೆಟ್ಟಗಳಲ್ಲಿ, ವಿಜ್ಞಾನಿ ಲೂಯಿ ಪಾಸ್ಚರ್ ಬೆಳೆದ ಅರ್ಬ್ವಾ ಊರಿನ ಸುತ್ತ, ಪುಲ್ಸಾರ್ ಎಂಬ ತೆಳುಸಿಪ್ಪೆಯ ತಳಿಯಿದೆ. ಅದರ ವೈನ್ ನೋಡಲು ರೋಸೆ ಎಂಬ ಗುಲಾಬಿ ವೈನಿನಷ್ಟೇ ತಿಳಿ. ಕೆಲವರು ಅದಕ್ಕೆ ತ್ರುಸೋ ಎಂಬ ಇನ್ನೊಂದು ಕೆಂಪು ತಳಿ, ಪಿನೊ ಬೆರೆಸುತ್ತಾರೆ. ಸಿಕ್ಕರೆ ಬಿಡಬೇಡ.

ಖಾರದ ವಿಷಯಕ್ಕೆ ಬರುತ್ತೇನೆ. ಮದ್ಯಾಂಶ ಮತ್ತು ಒಗರು ಹೆಚ್ಚಿರುವ ವೈನ್ ಮೆಣಸಿನಕಾಯಿಯ ಉರಿಯನ್ನು ಕೆರಳಿಸುತ್ತದೆ. ತಣ್ಣಗಿನ ಗಮೇ ಕೆರಳಿಸುವುದಿಲ್ಲ. ನನ್ನ ಮನೆಯಲ್ಲಿ ಕೋಳಿಸಾರು ಮುದ್ದೆಗೆ ಷಿರೂಬ್ಲ್, ಮೆಣಸಿನ ಹಂದಿಮಾಂಸಕ್ಕೆ ಪಾಸ್-ತು-ಗ್ರ್ಯಾಂ. ಹುಣಸೆಹುಳಿ ಮುಂದಾದ ಸಾರಿಗೆ ಮಾತ್ರ ಯಾವ ಕೆಂಪೂ ಸರಿಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ನೀರೇ ಸರಿ.

ಬಾಟಲಿಯನ್ನು ಫ್ರಿಜ್‌ನಲ್ಲಿ ಮುಕ್ಕಾಲು ಗಂಟೆ ಇಡು, 12ರಿಂದ 14 ಡಿಗ್ರಿ ಸಾಕು. ಬಿಯರಿನ ಹಾಗೆ ಕೊರೆಯುವಷ್ಟು ತಣ್ಣಗಾದರೆ ಪರಿಮಳ ಮುಚ್ಚಿಹೋಗುತ್ತದೆ, ಆಗ ಹತ್ತು ನಿಮಿಷ ಹೊರಗಿಡು. ಕೊಳ್ಳಲು ಸೂಪರ್‌ಮಾರ್ಕೆಟ್‌ಗಿಂತ ನಿನ್ನ ಬೀದಿಯ ಕಾವಿಸ್ತ್, ಅಂದರೆ ವೈನ್ ಅಂಗಡಿಯವನ, ಹತ್ತಿರ ಹೋಗು. ಫ್ರೆಂಚ್ ಬಾಟಲಿಯ ಮೇಲೆ ಬಹುಪಾಲು ಊರಿನ ಹೆಸರಿರುತ್ತದೆ, ದ್ರಾಕ್ಷಿಯ ಹೆಸರಿರುವುದಿಲ್ಲ. ಅದಕ್ಕೇ ಮೇಲಿನ ಊರುಗಳನ್ನು ಬರೆದಿಟ್ಟುಕೋ ಎನ್ನುವುದು. ಕೈಯಲ್ಲಿ 10ರಿಂದ 15 ಯೂರೋ ಇದ್ದರೆ ಮರ್ಯಾದಸ್ತ ಬಾಟಲಿ ಬರುತ್ತದೆ.

ಕುಡಿಯುವ ಅಭ್ಯಾಸವಿಲ್ಲದಿದ್ದರೆ ಬಲವಂತಕ್ಕೆ ಶುರುಮಾಡಬೇಡ. ಕುಡಿಯುವುದಿಲ್ಲ ಎಂದು ಒಮ್ಮೆ ಹೇಳಿದರೆ ಸಾಕು, ಊಟದ ಮೇಜಿನಲ್ಲಿ ನಿನ್ನ ಜಾಗ ಹಾಗೇ ಇರುತ್ತದೆ. ಬಾಟಲಿ ಒಯ್ದು ನೀನು ನೀರು ಕುಡಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಕುಡಿದರೆ ಮೆಟ್ರೋದಲ್ಲಿ ವಾಪಸ್ ಬಾ. ಇಲ್ಲಿ ಚಾಲಕರಿಗೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಹೊಸದಾಗಿ ಲೈಸೆನ್ಸ್ ಪಡೆದವರಿಗೆ 0.2, ಅಂದರೆ ಒಂದು ಗ್ಲಾಸೂ ಇಲ್ಲ.

ಬಾಗಿಲಲ್ಲಿ ಬಾಟಲಿ ಕೊಡುವಾಗ ಇದು ತಣ್ಣಗೆ ಕುಡಿಯುವಂಥದ್ದು ಎಂದು ಹೇಳು. ಅವರು ಅಡುಗೆಗೆ ತಕ್ಕ ವೈನ್ ಮೊದಲೇ ತೆರೆದಿಟ್ಟಿದ್ದರೆ ನಿನ್ನದನ್ನು ಎತ್ತಿಡಬಹುದು. ಬೇಸರ ಮಾಡಿಕೊಳ್ಳಬೇಡ, ಇಲ್ಲಿ ಅದು ವಾಡಿಕೆ.