ಚಿಪ್ಪಿನ ಮೀನುಗಳು ಯಾಕೆ ಸಾಯುತ್ತಿವೆ?

ಚಿಪ್ಪಿನೊಳಗೆ ಬದುಕುವ, ಸಿಕ್ಲಿಡ್ ಕುಟುಂಬದ ಪುಟ್ಟ ಮೀನುಗಳ ಬಗ್ಗೆ ಐದಾರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಅದರಲ್ಲಿ ಒಂದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೇಳಿದವರ ಮೇಲಲ್ಲ, ಅವರ ಕೈಗೆ ಬಾಟಲಿ ಕೊಟ್ಟು ಕಳಿಸಿದವರ ಮೇಲೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಫಿಲ್ಟರ್ ಜೋಡಿಸೋದು, ಹೀಟರ್ ಇಡೋದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ಪೆಟ್ಟಿಗೆಯ ಜೊತೆ ಬರುವ ಕಾಗದದಲ್ಲೇ ಇರುತ್ತದೆ.

ಪ್ರಶ್ನೆ: ಎರಡು ಅಡಿಯ ಟ್ಯಾಂಕ್ ತಂದು, ಮರಳು, ಚಿಪ್ಪು ಹಾಕಿ, ಮಾರನೇ ದಿನ ಎಂಟು ಮಲ್ಟಿ ಮೀನು (ಮಲ್ಟಿಫ್ಯಾಸಿಯಾಟಸ್ ಅನ್ನುವ ಚಿಪ್ಪಿನ ಸಿಕ್ಲಿಡ್) ಬಿಟ್ಟೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7.2 ಇತ್ತು. ಈ ಮೀನಿಗೆ 9 ಬೇಕು ಅಂತ ಮಾರಿದವರು ಪಿಎಚ್ ಏರಿಸುವ ದ್ರಾವಣ ಕೊಟ್ಟರು. ಹಾಕಿದರೆ ಸಂಜೆ 8.8 ತೋರಿಸುತ್ತದೆ, ಬೆಳಗ್ಗೆ ಮತ್ತೆ 7.6. ದಿನಾ ಹಾಕುತ್ತಿದ್ದೇನೆ. ಹತ್ತು ದಿನದಲ್ಲಿ ಆರು ಮೀನು ಸತ್ತವು. ಇನ್ನೂ ಜಾಸ್ತಿ ಹಾಕಬೇಕಾ?

ಬೇಡ. ಒಂದು ಹನಿಯೂ ಬೇಡ.

ನಿಮ್ಮ ಮೀನುಗಳು ಪಿಎಚ್ ಕಡಿಮೆಯಾಗಿ ಸತ್ತಿಲ್ಲ. ಹೊಸ ಟ್ಯಾಂಕಿನ ಅಮೋನಿಯಾದಿಂದ ಸತ್ತಿವೆ ಅಂತ ಧೈರ್ಯವಾಗಿ ಹೇಳುತ್ತೇನೆ. ಆ ಬಾಟಲಿ ಸಾವನ್ನು ಇನ್ನಷ್ಟು ಹತ್ತಿರ ತಂದಿದೆ. ಹೇಗೆ ಅಂತ ನೋಡಿ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಬರುತ್ತಲೇ ಇರುತ್ತದೆ. ನೀರಿನಲ್ಲಿ ಅದು ಎರಡು ರೂಪದಲ್ಲಿರುತ್ತದೆ. ಒಂದು ಅಮೋನಿಯಂ, ಅದರಿಂದ ಅಷ್ಟು ತೊಂದರೆ ಇಲ್ಲ. ಇನ್ನೊಂದು ಕಿವಿರು ಸುಡುವ ಅಮೋನಿಯಾ. ಯಾವುದು ಎಷ್ಟು ಅನ್ನೋದು ಮುಖ್ಯವಾಗಿ ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7.2 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಮಾತ್ರ ವಿಷದ ರೂಪದಲ್ಲಿರುತ್ತದೆ. ಅದೇ ನೀರನ್ನು 8.8ಕ್ಕೆ ಏರಿಸಿದರೆ ಶೇ 26ರಷ್ಟು ವಿಷವಾಗುತ್ತದೆ. ಅಂದರೆ ಸುಮಾರು 30 ಪಟ್ಟು. ಹೊಸ ಕೊಳೆ ಏನೂ ಸೇರಿಲ್ಲ, ನೀರು ಕನ್ನಡಿಯ ಹಾಗೆ ತಿಳಿಯಾಗಿದೆ, ಆದರೂ ಸಂಜೆಯ ಹೊತ್ತಿಗೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಇದನ್ನು ದಿನಾ ಮಾಡಿದ್ದೀರಿ. ನಿಮಗೆ ಗೊತ್ತಿರಲಿಲ್ಲ. ಮಾರುವವರಿಗೆ ಗೊತ್ತಿರಬೇಕಿತ್ತು.

ಬೆಳಗ್ಗೆ ಪಿಎಚ್ ಯಾಕೆ ಇಳಿಯುತ್ತದೆ? ಅದನ್ನು ಹಿಡಿದು ನಿಲ್ಲಿಸುವುದು ನೀರಿನಲ್ಲಿ ಕರಗಿರುವ ಕಾರ್ಬೊನೇಟುಗಳು. ಪರೀಕ್ಷೆಯ ಕಿಟ್‌ನಲ್ಲಿ ಅದನ್ನು ಕೆಎಚ್ ಅಂತ ಅಳೆಯುತ್ತಾರೆ. ಪಿಎಚ್ ಹಸುವಾದರೆ ಕೆಎಚ್ ಅದನ್ನು ಕಟ್ಟಿದ ಗೂಟ. ನೀವು ಗೂಟ ನೆಡದೆ ಬರೀ ಹಗ್ಗ ಎಳೆಯುತ್ತಿದ್ದೀರಿ. ಕೈ ಬಿಟ್ಟ ಕೂಡಲೇ ಹಸು ವಾಪಸ್ ಹೋಗುತ್ತದೆ.

ಈ ಮೀನುಗಳ ಊರು ಆಫ್ರಿಕಾದ ಟ್ಯಾಂಗನೀಕಾ ಸರೋವರ. ಬುರುಂಡಿ, ಕಾಂಗೋ, ಟಾಂಜಾನಿಯಾ, ಜಾಂಬಿಯಾ ನಾಲ್ಕೂ ದೇಶಗಳ ನಡುವೆ ಉದ್ದಕ್ಕೆ ಮಲಗಿದೆ. ಆಳ ಸುಮಾರು 1,470 ಮೀಟರ್. ಅಲ್ಲಿನ ನೀರಿನ ಪಿಎಚ್ 9ರ ಆಸುಪಾಸು ಇರುವುದು ನಿಜ. ಆದರೆ ಅಷ್ಟು ನೀರು, ಅಷ್ಟು ಕಾರ್ಬೊನೇಟ್ ಇರುವ ಕಡೆ ಅದು ಬೆಳಗ್ಗೆ ಒಂದು, ಸಂಜೆ ಒಂದು ಆಗುವುದಿಲ್ಲ. ನೀವು ಸರೋವರದಿಂದ ಕಲಿಯಬೇಕಾದ್ದು ಈ ಸ್ಥಿರತೆಯನ್ನೇ. ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಮಲ್ಟಿಗಳು ಪಿಎಚ್ 8ರಿಂದ 8.5ರಲ್ಲಿ ಚೆನ್ನಾಗಿ ಬದುಕುತ್ತವೆ, ಮರಿಯೂ ಮಾಡುತ್ತವೆ. 9 ಅಂತ ಹಟ ಹಿಡಿಯಬೇಡಿ.

ಈಗ ಉಳಿದಿರುವ ಎರಡು ಮೀನಿನ ವಿಷಯ. ಮೊದಲು ಅಮೋನಿಯಾ ಅಳೆಯಿರಿ. ದಿನಾ ಕಾಲು ಭಾಗ ನೀರು ಬದಲಿಸಿ. ಕ್ಲೋರಿನ್ ತೆಗೆದಿರಬೇಕು, ಬಿಸಿ ಟ್ಯಾಂಕಿನಷ್ಟೇ ಇರಬೇಕು. ಎರಡು ದಿನ ಆಹಾರ ಹಾಕಬೇಡಿ, ಉಪವಾಸದಿಂದ ಅವು ಸಾಯುವುದಿಲ್ಲ. ಯಾರಾದರೂ ಪರಿಚಯದವರ ಹಳೆಯ ಟ್ಯಾಂಕಿನಲ್ಲಿ ಓಡುತ್ತಿರುವ, ರೋಗವಿಲ್ಲದ ಸ್ಪಂಜ್ ಫಿಲ್ಟರ್ ಸಿಕ್ಕರೆ ತಂದು ಹಾಕಿ. ಒಣಗಲು ಬಿಡಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದು ಆ ಸ್ಪಂಜಿನಲ್ಲೇ. ಅಮೋನಿಯಾ ಸೊನ್ನೆಗೆ ಬರುವ ತನಕ ಪಿಎಚ್ ಏರಿಸುವ ಮಾತೇ ಬೇಡ.

ಆಮೇಲೆ ಗೂಟ ನೆಡಿ. ತಳಕ್ಕೆ ಅರಗೊನೈಟ್ ಅನ್ನುವ ಸುಣ್ಣದ ಮರಳು, ಇಲ್ಲವೇ ಫಿಲ್ಟರಿನೊಳಗೆ ಒಂದು ಚೀಲ ಹವಳದ ಚೂರು. ಅದು ನಿಧಾನವಾಗಿ ಕರಗುತ್ತದೆ, ಮೀನಿಗೆ ಗೊತ್ತೂ ಆಗುವುದಿಲ್ಲ. ನೀರು ತುಂಬಾ ಮೆದುವಾಗಿದ್ದರೆ ಅಡುಗೆ ಸೋಡಾ ಸಾಕು. 50 ಲೀಟರಿಗೆ 6 ಗ್ರಾಂ ಹಾಕಿದರೆ ಕೆಎಚ್ ಸುಮಾರು 4 ಡಿಗ್ರಿ ಏರುತ್ತದೆ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬೇಡಿ. ಸೋಡಾವನ್ನು ಟ್ಯಾಂಕಿಗೆ ಸುರಿಯಲೂಬೇಡಿ. ಬದಲಿಸುವ ನೀರಿನ ಬಕೆಟ್ಟಿನಲ್ಲಿ ಕರಗಿಸಿ. ಹತ್ತು ಹದಿನೈದು ದಿನದಲ್ಲಿ, ಸ್ವಲ್ಪ ಸ್ವಲ್ಪವಾಗಿ, ಕೆಎಚ್ ಅನ್ನು 10ರಿಂದ 12ಕ್ಕೆ ತನ್ನಿ. ಪಿಎಚ್ ತಾನೇ 8ರ ಮೇಲೆ ಬಂದು ಕೂರುತ್ತದೆ. ನಾನು ವಾರಕ್ಕೊಮ್ಮೆ ಕೆಎಚ್ ನೋಡುತ್ತೇನೆ, ಯಾಕೆಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೆಎಚ್ ಅನ್ನೂ ಖರ್ಚು ಮಾಡುತ್ತವೆ.

ಮುಂದಿನ ಮೀನು ತರುವ ಮುಂಚೆ, ದಯವಿಟ್ಟು, ಟ್ಯಾಂಕ್ ಹಣ್ಣಾಗಲಿ. ಖಾಲಿ ಟ್ಯಾಂಕನ್ನೇ ಮೊದಲಿಂದ ಶುರು ಮಾಡುವವರು ಮೀನಿಲ್ಲದೆ ಲೀಟರಿಗೆ 2 ಮಿಲಿಗ್ರಾಂ ಬರುವಷ್ಟು ಅಮೋನಿಯಾ ಹಾಕಿ. ಅದು ಒಂದೇ ದಿನದಲ್ಲಿ ಸೊನ್ನೆಯಾಗಬೇಕು, ಬ್ಯಾಕ್ಟೀರಿಯಾ ಅಮೋನಿಯಾದಿಂದ ಮಾಡುವ ನೈಟ್ರೈಟ್ ಕೂಡ ಸೊನ್ನೆ ತೋರಿಸಬೇಕು. ಅಲ್ಲಿಯವರೆಗೆ ಕಾಯಿರಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಇಷ್ಟು ದಿನ ಯಾರು ಕಾಯ್ತಾರೆ ಅಂತ ನನ್ನನ್ನು ಕೇಳುತ್ತಾರೆ. ನಾನು ಕಾಯುತ್ತೇನೆ. ಇಪ್ಪತ್ನಾಲ್ಕು ಗಂಟೆಯಲ್ಲಿ ಟ್ಯಾಂಕ್ ರೆಡಿ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಮೀನು ಕೊಳ್ಳಬೇಡಿ.

ಪ್ರಶ್ನೆ: ಆಫ್ರಿಕಾದ ಮೀನು ಅಲ್ವಾ, ಸಮುದ್ರದ ಉಪ್ಪು ಹಾಕಬೇಕಂತೆ?

ಟ್ಯಾಂಗನೀಕಾ ಸಿಹಿನೀರಿನ ಸರೋವರ. ಉಪ್ಪು ಬೇಡ.

ಪ್ರಶ್ನೆ: ಸಮುದ್ರತೀರದಲ್ಲಿ ಆರಿಸಿದ ಚಿಪ್ಪು ಆಗುತ್ತದಾ? ಎಷ್ಟು ಬೇಕು?

ಒಳ್ಳೆಯ ಪ್ರಶ್ನೆ. ಸರೋವರದಲ್ಲಿ ಇವು ಸೇರಿಕೊಳ್ಳುವುದು ನಿಯೋಥೌಮ ಅನ್ನುವ ಬಸವನಹುಳುವಿನ ಖಾಲಿ ಚಿಪ್ಪಿನೊಳಗೆ. ಬಂಡೆ ಇಲ್ಲದ ಬರೀ ಮರಳಿನ ತಳದಲ್ಲಿ ಅಡಗಲು ಅದು ಬಿಟ್ಟರೆ ಬೇರೆ ಜಾಗವಿಲ್ಲ. ಅದರ ಬಾಯಿ ಅಗಲ, ಒಳಗೆ ಗುಂಡಗಿನ ಹೊಟ್ಟೆ. ಸಮುದ್ರದ ಎಷ್ಟೋ ಶಂಖಗಳು ಉದ್ದವಾಗಿ, ಒಳಗೆ ಹೋದಂತೆ ಸಣ್ಣಗಾಗುತ್ತವೆ. ಹೆದರಿದ ಮೀನು ಕೊನೆಯ ತನಕ ನುಗ್ಗಿ ಸಿಕ್ಕಿಕೊಂಡರೆ ಅಲ್ಲೇ ಸಾಯುತ್ತದೆ. ಹಾಗಾಗಿ ಆಕಾರ ನೋಡಿ ಆರಿಸಿ. ಬಾಯಿ ಎರಡರಿಂದ ಮೂರು ಸೆಂಟಿಮೀಟರ್ ಇರಲಿ. ಚೆನ್ನಾಗಿ ಕುದಿಸಿ, ಮೂಸಿ ನೋಡಿ. ವಾಸನೆ ಇದ್ದರೆ ಒಳಗೆ ಮಾಂಸ ಉಳಿದಿದೆ, ಮತ್ತೆ ಕುದಿಸಿ. ಒಂದು ಮೀನಿಗೆ ಕಡಿಮೆ ಅಂದರೂ ಮೂರು ಚಿಪ್ಪು ಕೊಡಿ.

ಮರಳು ಸಣ್ಣಗಿರಲಿ, ಐದು ಸೆಂಟಿಮೀಟರ್ ದಪ್ಪ ಇರಲಿ. ಹೆಬ್ಬೆರಳಿನಷ್ಟೂ ಇಲ್ಲದ ಮೀನು ಬಾಯಿ ತುಂಬ ಮರಳು ತುಂಬಿಕೊಂಡು, ಒಂದು ಗೇಣು ದೂರ ಹೋಗಿ ಉಗಿದು, ತಿರುಗಿ ಬರುತ್ತದೆ. ಮತ್ತೆ ಬಾಯಿ ತುಂಬಿಕೊಳ್ಳುತ್ತದೆ. ಸಂಜೆಗೆ ಚಿಪ್ಪುಗಳ ಸುತ್ತ ಗಾಜು ಕಾಣುವಷ್ಟು ಗುಂಡಿ ಬಿದ್ದಿರುತ್ತದೆ. ಒರಟು ಜಲ್ಲಿ ಹಾಕಿ ಈ ಕೆಲಸವನ್ನೇ ಕಿತ್ತುಕೊಂಡರೆ ಇವನ್ನು ಸಾಕಿ ಏನು ಬಂತು? ಕಲ್ಲು ಇಡುವುದಾದರೆ ನೇರ ಗಾಜಿನ ಮೇಲೆ ಇಟ್ಟು ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಇಟ್ಟರೆ ಅಡಿ ತೋಡಿ ಬೀಳಿಸಿಕೊಳ್ಳುತ್ತವೆ.

ಪ್ರಶ್ನೆ: ಮಲ್ಟಿ ಅಂತ ತಂದವುಗಳಲ್ಲಿ ಕೆಲವು ಬೇರೆ ಥರ ಕಾಣುತ್ತವೆ. ಒಟ್ಟಿಗೆ ಬಿಡಬಹುದಾ?

ತಲೆ ನೋಡಿ. ಪಟ್ಟೆಗಳು ಕಣ್ಣಿನ ಹಿಂದಿನವರೆಗೂ ಬಂದಿದ್ದರೆ ಅದು ಸಿಮಿಲಿಸ್, 1992ರಲ್ಲಿ ಬೇರೆ ಜಾತಿ ಅಂತ ಗುರುತಿಸಿದ ಮೀನು. ಮೈಮೇಲಷ್ಟೇ ಇದ್ದರೆ ಮಲ್ಟಿ. ಒಟ್ಟಿಗೆ ಬಿಡಬೇಡಿ, ಬೆರಕೆ ಮರಿಗಳು ಹುಟ್ಟುತ್ತವೆ.

ಪ್ರಶ್ನೆ: ಏಂಜೆಲ್, ಗೋಲ್ಡ್ ಫಿಶ್ ಜೊತೆ ಇಡಬಹುದಾ?

ಇಲ್ಲ.

ಪ್ರಶ್ನೆ: ಯಾವ ಕಾಯಿಲೆಗೂ ಆಗುತ್ತದೆ ಅಂತ ನೀಲಿ ಔಷಧಿ ಕೊಟ್ಟಿದ್ದಾರೆ. ಮುಂಜಾಗ್ರತೆಗೆ ಹಾಕಲಾ?

ಕಾಯಿಲೆ ಇಲ್ಲದ ಟ್ಯಾಂಕಿಗೆ ಔಷಧಿ ಹಾಕಬೇಡಿ. ಮೆಥಿಲೀನ್ ಬ್ಲೂ ಆಗಿದ್ದರೆ ವಾರಗಟ್ಟಲೆ ಕಾದು ಬೆಳೆಸಿದ ಬ್ಯಾಕ್ಟೀರಿಯಾಕ್ಕೇ ಏಟು ಬೀಳುತ್ತದೆ.

ಪ್ರಶ್ನೆ: ಹೆಣ್ಣು ಮೀನು ಎರಡು ದಿನದಿಂದ ಚಿಪ್ಪಿನಿಂದ ಹೊರಗೆ ಸರಿಯಾಗಿ ಬಂದಿಲ್ಲ. ಚಿಪ್ಪು ಎತ್ತಿ ಅಲ್ಲಾಡಿಸಿ ನೋಡಲಾ?

ಮುಟ್ಟಬೇಡಿ! ಬಹುಶಃ ಒಳಗೆ ಮೊಟ್ಟೆ ಇದೆ. ಆಗಾಗ ಬಾಯಿಗೆ ಬಂದು ಇಣುಕಿ ಒಳಗೆ ಹೋಗುತ್ತಿದ್ದರೆ ಅದು ಆರೋಗ್ಯವಾಗಿಯೇ ಇದೆ. ರೆಕ್ಕೆ ಬೀಸಿ ಮೊಟ್ಟೆಗೆ ಹೊಸ ನೀರು ಹಾಯಿಸುತ್ತಿರುತ್ತದೆ. ಅಲ್ಲಾಡಿಸಿದರೆ ಮೊಟ್ಟೆ ಹಾಳು, ತಾಯಿಗೂ ಪೆಟ್ಟು. ವಾರ ಹತ್ತು ದಿನ ಬಿಟ್ಟು, ಸಂಜೆ ಟ್ಯಾಂಕಿನ ಮುಂದೆ ಸುಮ್ನೆ ಕೂತು ಚಿಪ್ಪಿನ ಅಂಚನ್ನೇ ನೋಡಿ. ಕಣ್ರೆಪ್ಪೆಯ ಕೂದಲಷ್ಟು ಸಣ್ಣ ಮರಿಗಳು ಅಲ್ಲಿ ಕಾಣಬಹುದು, ನಿಮ್ಮ ನೆರಳು ಬಿದ್ದರೆ ಒಳಗೆ ಮಾಯ. ಆವತ್ತಿನಿಂದ ಮೊಟ್ಟೆಯಿಂದ ಆಗಷ್ಟೇ ಹೊರಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಕೊಡಿ, ಫಿಲ್ಟರಿನ ಬಾಯಿಗೆ ಸ್ಪಂಜ್ ಕಟ್ಟಿ.