ರಾತ್ರಿ ಎಂಟರ ಗುಳಿಗಿ

ಹೆಸರು, ಊರು, ವಯಸ್ಸು ಎಲ್ಲಾ ಬದಲಿ ಮಾಡೀನಿ, ಆಕಿ ಒಪ್ಪಿಗಿ ತಗೊಂಡೇ ಬರೀತಿದೀನಿ.

ಸಿಂಧನೂರು ಕಡಿಯಾಕಿ, 35 ವರ್ಷ, ನಾಕು ವರ್ಷದ ಹಿಂದ ಅವ್ವನ ಕಿಡ್ನಿ ಹಾಕಿಸ್ಕೊಂಡಾಳ. ಕಿಡ್ನಿ ಎಷ್ಟು ಕೆಲಸ ಮಾಡ್ತೈತಿ ಅಂತ ತೋರ್ಸೂ ರಕ್ತದ ಕ್ರಿಯಾಟಿನಿನ್ 1.1 ಇದ್ದದ್ದು 1.7 ಆಗಿತ್ತು, ಅದು ಏರಿದ್ರ ಕಿಡ್ನಿಗೆ ತ್ರಾಸ ಅಂತ ಅರ್ಥ, ಒಮ್ಮೆ ಮಾತಾಡ್ಸಿ ನೋಡ್ರಿ ಅಂತ ಡಾಕ್ಟರ್ ರಾಯಚೂರಿಗೆ ನನ್ನ ಹತ್ರ ಕಳಿಸಿದ್ರು. ನಾ ಏನೂ ಕೇಳಾಕ ಹೋಗ್ಲಿಲ್ಲ, ಗುಳಿಗಿ ಡಬ್ಬಿ ತೋರ್ಸವಾ ಅಂದೆ. ಹಳೇ ಬಿಸ್ಕಿಟ್ ಡಬ್ಬಿ. ಹಾಕಿದ ಕಿಡ್ನಿ ಉಳಿಸೂ ಗುಳಿಗಿ ಟ್ಯಾಕ್ರೋಲಿಮಸ್, ಅದರ ಸ್ಟ್ರಿಪ್ ಎಲ್ಲಾ ಟೇಬಲ್ ಮ್ಯಾಲ ಇಟ್ಟು ಎಣಿಸಿದ್ರ ಉಳೀಬೇಕಾದ್ದಕ್ಕಿಂತ 23 ಜಾಸ್ತಿ ಅದಾವ. ಆಕಿ ತಲಿ ಬಗ್ಗಿಸಿ ಸೆರಗಿನ ತುದಿ ಬೆರಳಿಗೆ ಸುತ್ತಕೋತ ಕುಂತ್ಲು.

"ಅಕ್ಕಾರ, ಈ ಗುಳಿಗಿಯಿಂದನ ಕ್ಯಾನ್ಸರ್ ಬರ್ತೈತಂತ ಮೊಬೈಲ್‌ನ್ಯಾಗ ಓದೀನ್ರಿ. ರಾತ್ರಿದರ ಬಿಟ್ರ ಸ್ವಲ್ಪ ಕಮ್ಮಿ ಆಗ್ತೈತಿ ಅನ್ಕೊಂಡೆ."

ಓದಿದ್ದು ಪೂರ್ತಿ ಸುಳ್ಳಲ್ಲ, ಅದಕ್ಕ ಸುಳ್ಳು ಅಂತ ನಾನೂ ಹೇಳ್ಲಿಲ್ಲ. ಬ್ಯಾರೆಯವ್ರ ಕಿಡ್ನಿನ ಮೈ ಒದ್ದು ಹಾಕಬಾರ್ದು ಅಂತ ಈ ಗುಳಿಗಿ ನಮ್ಮ ರೋಗನಿರೋಧಕ ಶಕ್ತಿನ ತಗ್ಗಿಸಿ ಇಡ್ತಾವ, ಆಗ ಮೈಯಾಗ ಸುಮ್ನ ಮಲಗಿದ್ದ ವೈರಸ್ಸಿಗೂ ಕಾವಲು ಸಡಿಲ ಆಗ್ತೈತಿ. ಇಬಿವಿ ಅನ್ನೋ ವೈರಸ್ ಲಿಂಫೋಮಾ ಅಂದ್ರ ದುಗ್ಧಗ್ರಂಥಿ ಕ್ಯಾನ್ಸರ್ ಮಾಡಬಹುದು, ಹೆಪಟೈಟಿಸ್ ಬಿ, ಸಿ ಲಿವರ್ ಕೆಡಸ್ತಾವ, ಗಂಡ ಹೆಂಡ್ತಿ ಕೂಡೂದ್ರಿಂದ ಹರಡೂ ಎಚ್‌ಪಿವಿ ವೈರಸ್ ಗರ್ಭಕೋಶದ ಬಾಯಿಗೆ ಕುಂತು ಅಲ್ಲಿ ಕ್ಯಾನ್ಸರ್ ಮಾಡಬಹುದು. ಆದ್ರ ಗುಳಿಗಿ ತಪ್ಪಿಸಿದ್ರ ಕ್ಯಾನ್ಸರ್ ದೂರ ಹೋಗೂದಿಲ್ಲವಾ, ಅವ್ವನ ಕಿಡ್ನಿ ಮೊದ್ಲು ಹೋಗ್ತೈತಿ. ಕಮ್ಮಿ ಮಾಡೂದು ಇದ್ರ ರಕ್ತದಾಗ ಎಷ್ಟೈತಿ ಅಂತ ಲೆವೆಲ್ ನೋಡಿ ಡಾಕ್ಟರೇ ಮಾಡ್ತಾರ, ಒಮ್ಮೊಮ್ಮೆ ಮಾಡ್ತಾರ ಕೂಡ, ಅದು ನಾವು ಮನ್ಯಾಗ ಮಾಡೂ ಲೆಕ್ಕ ಅಲ್ಲ ಅಂದೆ.

ಇಷ್ಟಾದ್ರೂ ಆಕಿ ಏಳ್ಲಿಲ್ಲ. ನಿಜವಾದ ಮಾತು ಆಮ್ಯಾಲ ಬಂತು. ತಿಂಗಳ ಹಿಂದ ಪ್ಯಾಪ್ ಟೆಸ್ಟ್ (ಗರ್ಭಕೋಶದ ಬಾಯಿಯ ಜೀವಕೋಶ ನೋಡೂ ಪರೀಕ್ಷೆ) ಜೋಡಿ ಎಚ್‌ಪಿವಿ ಪಾಸಿಟಿವ್ ಬಂದಿತ್ತು, ರಿಪೋರ್ಟ್ ಕೊಟ್ಟವರು ಒಂದು ಮಾತೂ ಬಿಡಿಸಿ ಹೇಳಿರ್ಲಿಲ್ಲ, ಗಂಡ ಅದನ್ನ ಯಾರದೋ ಕೈಲಿ ಓದಿಸಿ "ಇದು ನಿಂಗ ಎಲ್ಲಿಂದ ಬಂತು" ಅಂದಾನ. ಅವತ್ತಿನಿಂದ ಆ ಮನ್ಯಾಗ ಮಾತು ನಿಂತೈತಿ. ರಾತ್ರಿ ಎಂಟಕ್ಕ ಮೊಬೈಲ್ ಅಲಾರಂ ಹೊಡದ್ರ ಗುಳಿಗಿ ಅನ್ನೂದೇ ಒಂದು ಅವಮಾನ ಅನ್ನಸ್ತಿತ್ತಂತ. ನಂಗ ಬಾಳ ಸಂಕಟ ಆತು, ಯಾಕಂದ್ರ ಕ್ಯಾನ್ಸರ್ ಹೆದ್ರಿಕಿ ಅಂತ ಬಂದ ಎಷ್ಟೋ ಹೆಣ್ಮಕ್ಕಳ ಹೊಟ್ಟ್ಯಾಗ ಇದೇ ಸಂಕಟ ಇರ್ತೈತಿ.

ಮುಂದಿನ ವಾರ ಇಬ್ಬರನ್ನೂ ಕುಂದ್ರಿಸಿ ಗಂಡಗ ನೇರ ಹೇಳಿದೆ, ನೋಡಪ್ಪಾ, ಸಂಸಾರ ಮಾಡೂ ಗಂಡಸು ಹೆಂಗಸು ಬಾಳ ಮಂದಿಗೆ ಇದು ಯಾವಾಗರ ಒಮ್ಮೆ ಬಂದೇ ಇರ್ತೈತಿ, ವರ್ಷಗಟ್ಟಲೆ ಗೊತ್ತಾಗ್ದಂಗ ಒಳಗ ಇರ್ತೈತಿ, ಯಾರಿಂದ ಯಾವಾಗ ಬಂತು ಅಂತ ಯಾವ ಟೆಸ್ಟೂ ಹೇಳೂದಿಲ್ಲ. ನಿನಗೂ ಬಂದು ಹೋಗಿರಬಹುದು. ಗಟ್ಟಿ ಮೈಯವರಿಗೆ ಹೆಚ್ಚಿನವರಿಗೆ ಎರಡು ವರ್ಷದಾಗ ತಾನೇ ಹೋಗ್ತೈತಿ, ಈಕಿಗೆ ಗುಳಿಗಿಯಿಂದ ಹೋಗಾಕ ತಡ ಆಗ್ತೈತಿ, ಅಷ್ಟ. ಆತ ಬಾಳ ಹೊತ್ತು ನೆಲ ನೋಡಿ "ನಂಗ ಗೊತ್ತಿರ್ಲಿಲ್ರಿ" ಅಂದ.

ಪಾಸಿಟಿವ್ ಅಂದ್ರ ಕ್ಯಾನ್ಸರ್ ಅಲ್ಲ, ಆದ್ರ ಬಿಡೂ ಹಂಗೂ ಇಲ್ಲ. ಗಟ್ಟಿ ಮೈಯಾಗ ಅದು ಕ್ಯಾನ್ಸರ್ ಆಗಾಕ 15-20 ವರ್ಷ ಹಿಡಿದ್ರ, ನಿರೋಧಕ ಶಕ್ತಿ ಕಮ್ಮಿ ಇದ್ದವರಿಗೆ 5-10 ವರ್ಷದಾಗೂ ಆಗಬಹುದು. ಅದಕ್ಕ ಗರ್ಭಕೋಶದ ಬಾಯಿನ ದೊಡ್ಡದು ಮಾಡಿ ನೋಡೂ ಕಾಲ್ಪೋಸ್ಕೋಪಿ ಮಾಡ್ಸಿದ್ವಿ, ಕ್ಯಾನ್ಸರ್ ಇರ್ಲಿಲ್ಲ. ಡಾಕ್ಟರ್ ಹೇಳಿದ ದಿನ ತಪ್ಪಿಸದಂಗ ಪ್ಯಾಪ್ ಮಾಡ್ಸು, ಕುತ್ತಿಗಿ ಕಂಕುಳಾಗ ಗಂಟು, ಬಿಡದ ಜ್ವರ, ಕೂಡಿದ ಮ್ಯಾಲ ರಕ್ತ ಕಂಡ್ರ ಕಾಯಬ್ಯಾಡ ಅಂದೆ. ಎಚ್‌ಪಿವಿ ಲಸಿಕಿ ಜೀವಂತ ವೈರಸ್ಸಿನದಲ್ಲ, ಕಸಿ ಆದವರೂ ಹಾಕಿಸ್ಕೋಬಹುದು, ಇಂಥವರಿಗೆ 3 ಡೋಸ್, ಆದ್ರ ಆಗ್ಲೇ ಬಂದ ವೈರಸ್ಸನ್ನ ಅದು ತೆಗಿಯೂದಿಲ್ಲ ಅಂತನೂ ಮುಚ್ಚಿಡ್ಲಿಲ್ಲ. ಕಸಿಗೆ ತಯಾರಿ ಮಾಡ್ಕೊಳ್ಳೋರು ಮೊದ್ಲೇ ಕೇಳಿ ಹಾಕಿಸ್ಕೊಂಡ್ರ ಇನ್ನೂ ಚಲೋ.

ಈಗ ಕ್ರಿಯಾಟಿನಿನ್ 1.3ಕ್ಕ ಇಳದೈತಿ, 1.1 ಮತ್ತ ಬಂದಿಲ್ಲ. ಹೋದ ಸಲ ಬಿಸ್ಕಿಟ್ ಡಬ್ಬಿ ಗಂಡನೇ ಹಿಡ್ಕೊಂಡು ಬಂದಿದ್ದ, ನಾ ಕೇಳೂಕಿಂತ ಮೊದ್ಲ ಸ್ಟ್ರಿಪ್ ಎಣಿಸಿ ತೋರ್ಸಿದ.